ಇಪ್ಪತ್ತನಾಲ್ಕು ಗಂಟೆಯ ಬಾಟಲಿ

ಕೆಲವರಿಗೆ ಕಾಯಿಲೆ ಎಂದರೆ ಭಯ. ನನಗೆ ಡಾಕ್ಟರು ರಿಪೋರ್ಟು ತಿರುವಿಹಾಕುತ್ತ ಸುಮ್ಮನೆ ‘ಹೂಂ’ ಎಂದರೂ ಸಾಕು, ಅಂಗೈ ಬೆವರುತ್ತದೆ. ಸಿಂಗಾಪುರದ ರಾಫೆಲ್ಸ್ ಪ್ಲೇಸಿನ ನಮ್ಮ ಬ್ಯಾಂಕಿನಲ್ಲಿ ಆ ವರ್ಷ ಎಲ್ಲರಿಗೂ ಬಡ್ತಿಯ ಸುಗ್ಗಿ. ನನಗೆ ಸಿಕ್ಕಿದ್ದು ವಾರ್ಷಿಕ ತಪಾಸಣೆಯ ಒಂದು ಸಾಲು: ಮೂತ್ರದಲ್ಲಿ ಪ್ರೋಟೀನ್ ಇದೆ. ತಿಳಿಸಾರು, ಮಜ್ಜಿಗೆ ಅನ್ನದ ಈ ದೇಹದಲ್ಲಿ ಸೋರಿಹೋಗುವಷ್ಟು ಪ್ರೋಟೀನ್ ಎಲ್ಲಿತ್ತೋ! ಡಾಕ್ಟರು “ಕಿಡ್ನಿ ನೋಡಬೇಕು” ಎಂದಾಗ ನಾನಾಗಲೇ ಮನಸ್ಸಿನಲ್ಲಿ ಉಯಿಲು ಬರೆಯುತ್ತಿದ್ದೆ. ನರ್ಸು ಒಂದು ದೊಡ್ಡ ಕಂದು ಬಾಟಲಿ ಕೊಟ್ಟು, ಬೆಳಗಿನ ಮೊದಲನೆಯದನ್ನು ಬಿಟ್ಟು ಮರುದಿನ ಬೆಳಗಿನವರೆಗಿನದೆಲ್ಲ ಇದಕ್ಕೇ ಬೀಳಬೇಕು, ಬಾಟಲಿ ಫ್ರಿಜ್‌ನಲ್ಲಿರಬೇಕು ಎಂದಳು. “ಕೀಪ್ ಕೋಲ್ಡ್ ಆಹ್, ಅಂಕಲ್. ಇಲ್ಲಾಂದ್ರೆ ಸ್ಪಾಯಿಲ್ ಲಾ!”

ಫ್ರಿಜ್ ಎಂದೊಡನೆ ಕಿಡ್ನಿಯ ಭಯ ಹಿಂದಾಯಿತು, ಅತ್ತೆಯ ಭಯ ಮುಂದಾಯಿತು. ಮೈಸೂರಿನಿಂದ ಬಂದಿದ್ದ ಅವರು ನಮ್ಮ ಫ್ರಿಜ್‌ನಲ್ಲಿ ದೇವರ ಹಾಲಿಗೂ ಈರುಳ್ಳಿಗೂ ಬೇರೆ ಬೇರೆ ಅಂತಸ್ತು ಮಾಡಿಟ್ಟಿದ್ದರು. “ರೀ, ದೋಸೆ ಹಿಟ್ಟಿನ ಪಕ್ಕ ಇಟ್ರೆ ಅಮ್ಮ ನಾಳೆನೇ ಫ್ಲೈಟ್ ಬುಕ್ ಮಾಡು ಅಂತಾರೆ” ಎಂದಳು ಹೆಂಡತಿ ಸುಮ. ಹಾಗಾಗಿ ಭಾನುವಾರ ಬಾತ್‌ರೂಮಿನಲ್ಲಿ ಪಿಕ್‌ನಿಕ್ಕಿನ ಐಸ್ ಡಬ್ಬಿ ಇಟ್ಟು, ಬಾಟಲಿಯನ್ನು ಅದರೊಳಗೆ ಕೂರಿಸಿದೆ. ಸಿಂಗಾಪುರದ ಸೆಕೆಗೆ ಐಸು ನಿಲ್ಲುತ್ತದೆಯೆ? ಗಂಟೆಗೊಮ್ಮೆ ಫ್ರೀಜರಿನಿಂದ ಐಸಿನ ಟ್ರೇಯನ್ನು ಟವೆಲಿನಲ್ಲಿ ಮುಚ್ಚಿಕೊಂಡು ಕಳ್ಳನ ಹಾಗೆ ಓಡಾಡಿದೆ. ನಾಲ್ಕನೆಯ ಸಲ ಬಾತ್‌ರೂಮಿನ ಬಾಗಿಲು ಹಾಕಲು ಮರೆತೆ. ತಿರುಗಿದರೆ ಅತ್ತೆ ನಿಂತಿದ್ದಾರೆ.

“ಏನದು?”

“ಸ್ಯಾಂಪಲ್ಲು... ಲ್ಯಾಬಿಗೆ. ನಂದೇ,” ಎಂದು ತೊದಲಿದೆ.

ಅತ್ತೆ ಬಾಟಲಿಯನ್ನೇ ನೋಡಿದರು. “ಸುಮನ ಅಪ್ಪಂಗೂ ಇದೇ ಕೊಟ್ಟಿದ್ರು. ನಾಚ್ಕೆ ಅಂತ ಟೆಸ್ಟೇ ಮಾಡಿಸ್ದೆ ಅಟ್ಟದ ಮೇಲೆ ಇಟ್ಬಿಟ್ರು. ಗೊತ್ತಾಗೋ ಹೊತ್ತಿಗೆ ಎರಡೂ ಕಿಡ್ನಿ ಹೋಗಿತ್ತು.” ಸೆರಗು ಸೊಂಟಕ್ಕೆ ಸಿಕ್ಕಿಸಿ, “ತನ್ನಿ ಈಚೆಗೆ” ಎಂದರು.

ದೇವರ ಹಾಲು ಮೇಲಕ್ಕೆ ಹೋಯಿತು. ಕೆಳಗಿನ ಅಂತಸ್ತು ಪೂರ್ತಿ ಖಾಲಿಯಾಗಿ, ಎರಡು ಪ್ಲಾಸ್ಟಿಕ್ ಕವರು ಸುತ್ತಿಕೊಂಡ ನನ್ನ ಬಾಟಲಿ ಅಲ್ಲಿ ವಿರಾಜಮಾನವಾಯಿತು. ಅಲ್ಲಿಂದ ಅತ್ತೆಯ ಉಸ್ತುವಾರಿ ಶುರು. ಸಂಜೆ ಕಾಫಿಗೆ ಬಂದಿದ್ದ ಉಡುಪಿಯ ಶೆಟ್ಟರ ಎದುರಿಗೇ, “ಈಗ ಹೋಗಿ ಬಂದ್ರಲ್ಲ, ಬಾಟ್ಲಿಗೆ ಹಾಕಿದ್ರಾ? ಒಂದು ಹನೀನೂ ಹೊರಗೆ ಬಿಡ್ಬಾರ್ದು!” ಎಂದರು. ಶೆಟ್ಟರು ತಮ್ಮ ಕಾಫಿಯನ್ನು ಒಮ್ಮೆ ನೋಡಿಕೊಂಡು ಮೆಲ್ಲನೆ ಕೆಳಗಿಟ್ಟರು.

ಸೋಮವಾರ ಬೆಳಿಗ್ಗೆ ಬಾಟಲಿಯನ್ನು ಲ್ಯಾಬಿಗೆ ಒಯ್ಯುವಾಗ ಎಂಆರ್‌ಟಿ ರೈಲು ನಿಲ್ದಾಣದಲ್ಲಿ ಪೊಲೀಸರು ಚೀಲಗಳನ್ನು ತೆರೆಸಿ ನೋಡುತ್ತಿದ್ದರು. ಬೆವರುತ್ತ, ಚೀಲವನ್ನು ಎದೆಗವುಚಿಕೊಂಡು ಬರುವವನನ್ನು ಬಿಡುತ್ತಾರೆಯೆ? “ಒಳಗೆ ಏನಿದೆ?” ಎಂದು ಕೇಳಿದ ಯುವಕ ಬಾಟಲಿಗೆ ಕೈ ಹಾಕಿದ. ನಾನು ಸತ್ಯ ಹೇಳಿದೆ. ಅವನ ಕೈ ಹಾವು ಕಂಡ ಹಾಗೆ ಹಿಂದೆ ಹೋಯಿತು.

ರಿಪೋರ್ಟು ಬರಲು ನಾಲ್ಕು ದಿನ. ಅಷ್ಟರಲ್ಲಿ ಬೀರುವಿನ ಯಾವ ಖಾನೆಯಲ್ಲಿ ಯಾವ ಕಾಗದವಿದೆ ಎಂದು ಸುಮನಿಗೆ ಎರಡು ಸಲ ತೋರಿಸಿದೆ. ಮೊದಲ ಸಲ ನಕ್ಕವಳು ಎರಡನೆಯ ಸಲ ನಗಲಿಲ್ಲ. ಅತ್ತೆ ಊಟದಲ್ಲಿ ಉಪ್ಪು ಕಡಿಮೆ ಮಾಡಿ, ತಾವೂ ಅದನ್ನೇ ಉಂಡರು.

ಡಾಕ್ಟರು ಕಾಗದ ನೋಡಿ ಎಲ್ಲ ಸರಿಯಿದೆ ಎಂದಾಗ ನನಗೆ ನಂಬಿಕೆಯೇ ಬರಲಿಲ್ಲ. “ಮೊದಲನೆಯ ತಪಾಸಣೆಯ ಹಿಂದಿನ ದಿನ ಮೈಗೆ ಹೆಚ್ಚು ಶ್ರಮ ಆಗಿತ್ತಾ? ಹಾಗಾದ್ರೂ ಮೂತ್ರದಲ್ಲಿ ಪ್ರೋಟೀನ್ ಕಾಣಿಸುತ್ತೆ” ಎಂದರು. ಒಪ್ಪಿಕೊಳ್ಳಬೇಕಾಯಿತು. ಮರುದಿನ ತಪಾಸಣೆಯಲ್ಲಿ ಗಟ್ಟಿಮುಟ್ಟಾಗಿ ಕಾಣಬೇಕೆಂದು, ಜನ್ಮದಲ್ಲಿ ಓಡದವನು ನಮ್ಮ ಕಾಂಡೊ ಅಪಾರ್ಟ್‌ಮೆಂಟಿನ ಸುತ್ತ ಹತ್ತು ಸುತ್ತು ಓಡಿದ್ದೆ. ಡಾಕ್ಟರು ಬಿದ್ದು ಬಿದ್ದು ನಕ್ಕರು. ತಪಾಸಣೆಯ ಹಿಂದಿನ ದಿನ ಓಡಬೇಡಿ, ಉಳಿದ ದಿನ ಧಾರಾಳವಾಗಿ ಓಡಿ ಎಂದು ಹೇಳಿ ಕಳಿಸಿದರು. ಆದರೆ ಮುಂದಿನ ತಪಾಸಣೆ ಯಾವ ದಿನವೆಂದು ಆಫೀಸಿನವರು ಇನ್ನೂ ತಿಳಿಸಿಲ್ಲ. ನಾಳೆಯೇ ಇದ್ದರೂ ಇರಬಹುದು. ಹಾಗಾಗಿ, ಮುನ್ನೆಚ್ಚರಿಕೆಯಾಗಿ, ನಾನು ಯಾವ ದಿನವೂ ಓಡುತ್ತಿಲ್ಲ.