ಹೆಸರು ಕರೆದರೆ ತಿರುಗುತ್ತದೆಯೇ?

ಪ್ರಶ್ನೆಗಳ ಹಾಳೆ ಹಿಡಿದು ಮಕ್ಕಳನ್ನು ನೋಡಲು ಹೋಗುವವರಿಗೆ ಫಜೀತಿಗಳು ಆಗುತ್ತಲೇ ಇರುತ್ತವೆ. ಮಕ್ಕಳಿಗಿಂತ ಮೊದಲು ನಾವೇ ನಪಾಸಾಗುತ್ತೇವೆ.

ಮೊದಲು ಹಾಳೆಯ ವಿಷಯ ಹೇಳಿಬಿಡುತ್ತೇನೆ. ಎಂಬತ್ತರ ದಶಕದಲ್ಲಿ ನಾನು ಬಾಗಲಕೋಟೆಯ ಒಂದು ದವಾಖಾನೆಯಲ್ಲಿದ್ದೆ. ಆಟಿಸಂ ಗುರುತಿಸುವ ಪ್ರಶ್ನೆಗಳು ಪರದೇಶದಿಂದ ಬಂದವು. ಆಟಿಸಂ ಅಂದರೆ ಮಗುವಿಗೆ ಮಾತಾಡುವುದು, ಬೆರೆಯುವುದು ಕಷ್ಟವಾಗುವ ಸ್ಥಿತಿ. ಹುಚ್ಚಲ್ಲ, ಮಾಟವಂತೂ ಅಲ್ಲ. ಆ ಪ್ರಶ್ನೆಗಳನ್ನು ಕನ್ನಡಕ್ಕೆ ತಂದವಳು ನಾನೇ. ಇಳಕಲ್ಲಿನ ನೇಕಾರರ ಮನೆಯ ಸೊಸೆಯೊಬ್ಬಳು ಮಾತು ಬಾರದ ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ಬಂದು ಕೇಳಿದ್ದಳು: “ಮಂದಿ ಮಾಟ ಅಂತಾರ್ರಿ. ನಿಮ್ಮ ಹಾಳಿ ಖರೆ ಹೇಳತೈತೇನು?”

ಖರೆ ಹೇಳುವ ಹಾಗೆ ಮಾಡಿಕೊಂಡೇ ಅವಳ ಮನೆಗೆ ಹೋಗುವುದೆಂದು ಹಟ ಹಿಡಿದೆ. ಮೊದಲು ಚುರುಕಾಗಿ ಮಾತಾಡುವ ಮಕ್ಕಳನ್ನೇ ಕೇಳಿದೆ. ಅವರೇ ತಪ್ಪಿದರೆ ತಪ್ಪು ಹಾಳೆಯದು ಎಂದರ್ಥ.

೧. ಬೆರಳು

‘ಮಗು ಬೆರಳು ಮಾಡಿ ತೋರಿಸುತ್ತದೆಯೇ?’ ಕೆರೂರಿನ ಒಂದು ಹಿತ್ತಲಲ್ಲಿ ಹೀರೆಬಳ್ಳಿಯ ಮುಂದೆ ನಿಂತು, “ಸಣ್ಣ ಕಾಯಿ ಎಲ್ಲೈತಿ?” ಅಂದೆ. ಆ ಮನೆಯ ಹುಡುಗಿ ಬೆರಳು ಮಡಚಿ ಮುಷ್ಟಿ ಚಾಚಿದಳು. ಅವಳ ತಂಗಿಯೂ ಹಾಗೆಯೇ. ಇಬ್ಬರಿಗೂ ‘ಇಲ್ಲ’ ಎಂದು ಬರೆದು, ಹೀಗೆ ತೋರಿಸಬೇಕು ಎಂದು ನಾನೇ ಬೆರಳು ಚಾಚಿದೆ. ಅವರ ಅಜ್ಜಿ ನನ್ನ ಕೈಗೆ ಫಟ್ಟನೆ ಹೊಡೆದಳು.

“ಹೀಚಿಗೆ ಬೆರಳ ಮಾಡಿದ್ರ ಕೊಳಿತಾವ್ರಿ ಬಾಯಾರ! ನಮ್ಮ ಕೂಸುಗಳಿಗೆ ಗೊತ್ತೈತಿ. ನಿಮಗ ಮನ್ಯಾಗ ಯಾರೂ ಕಲಿಸಿಲ್ಲೇನು?”

ಮೂರನೆಯ ‘ಇಲ್ಲ’ ನನ್ನದು.

೨. ಸುಳ್ಳು ರೊಟ್ಟಿ

‘ಗೊಂಬೆಯ ಹುಟ್ಟುಹಬ್ಬದಲ್ಲಿ ಮೇಣದಬತ್ತಿ ಊದುವಂತೆ ನಟಿಸುತ್ತದೆಯೇ?’ ಬಾದಾಮಿಯಲ್ಲಿ ಒಬ್ಬ ತಾಯಿ ಬೆಚ್ಚಿಬಿದ್ದಳು: “ದೀಪಾ ಬಾಯಿಲೆ ಊದಿ ಆರಸ್ತಾರೇನ್ರಿ?”

ಬತ್ತಿಯ ಪ್ರಶ್ನೆ ತೆಗೆದುಹಾಕಿ, ಅವಳ ಮಗಳಿಗೆ “ನನಗ ಸುಳ್ಳು ರೊಟ್ಟಿ ಬಡದು ಕೊಡವಾ” ಎಂದೆ. ಹುಡುಗಿ ಗಾಳಿಯಲ್ಲೇ ರೊಟ್ಟಿ ಬಡಿದಳು, ಬೇಯಿಸಿದಳು, ಕೊಟ್ಟಳು. ನಾನೂ ಬಾಯಾಡಿಸಿ, “ಉಪ್ಪು ಜಾಸ್ತಿ ಆತು” ಎಂದು ನಟಿಸಿದೆ.

ಅವಳು ತಾಯಿಯ ಕಡೆ ತಿರುಗಿದಳು: “ಯವ್ವಾ, ರೊಟ್ಟಿಗೆ ಉಪ್ಪು ಹಾಕೂದಿಲ್ಲ ಅಂತ ಈಕಿಗೆ ಗೊತ್ತಿಲ್ಲ!”

೩. ಹೆಸರು

ಕೊನೆಗೆ ಇಳಕಲ್, ಆ ಸೊಸೆಯ ಮನೆ. ‘ತಾಯಿ ಹೆಸರು ಹಿಡಿದು ಕರೆದರೆ ಮಗು ತಿರುಗುತ್ತದೆಯೇ?’

“ಕರೀವಾ” ಎಂದೆ. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು. “ಹೆಂಗ ಕರೀಲ್ರಿ? ಕೂಸಿಗೆ ಅತ್ತಿ ಹೆಸರ ಇಟ್ಟೇವಿ.” ಅತ್ತೆಯ ಹೆಸರನ್ನು ಸೊಸೆ ಆಡುವಂತಿಲ್ಲ.

ನಾನೇ ಕೂಗಿದೆ: “ಗಂಗವ್ವಾ!”

ಕೂಸು ತಿರುಗಲಿಲ್ಲ. ಒಳಗಿನಿಂದ ಅತ್ತೆ ಬಂದಳು: “ಯಾರ್ರೀ ಅದು, ನನ್ನ ಹೆಸರ ಹಿಡದು ಒದರೂದು?”

ಮನೆಯಲ್ಲಿ ಕರೆಯುವ ‘ಬಂಗಾರಿ’ಗೂ ಕೂಸು ತಿರುಗಲಿಲ್ಲ. ತಿದ್ದಿದ ಪ್ರಶ್ನೆಗಳನ್ನೆಲ್ಲ ಕೇಳಿದೆ, ಆಮೇಲೆ ದವಾಖಾನೆಯಲ್ಲಿ ಡಾಕ್ಟರರೂ ನೋಡಿದರು. ಆಟಿಸಂ ಹೌದು. “ಮಾಟ ಅಲ್ಲ. ದಿನಾ ಕಲಿಸಬೇಕು. ಮೊದಲು ಹೆಸರು, ಅದೂ ಒಂದೇ ಹೆಸರು” ಎಂದೆ.

“ಕಲಿಸ್ತೇನಿ” ಎಂದ ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ, “ಸಾಲ್ಯಾಗೂ ಅದ ಹೆಸರ ಕರೀತಾರ. ನನ್ನ ಹೆಸರ ಕರಿ. ನಾ ಕಿವಿ ಮುಚ್ಗೊಂತೇನಿ” ಎಂದಳು.

ಕೆಲವು ತಿಂಗಳ ನಂತರ ಹೋದೆ. ಸೊಸೆ “ಗಂಗವ್ವಾ!” ಎಂದಳು. ಕೂಸು ನಿಧಾನಕ್ಕೆ ತಿರುಗಿ ನೋಡಿತು.

ಅತ್ತೆ ನನ್ನನ್ನು ಬದಿಗೆ ಕರೆದಳು: “ಕೂಸು ಮೂರನೇ ಸಲಕ್ಕ ತಿರಗತೈತ್ರಿ. ಈಕಿ ಮೂವತ್ತು ಸಲ ಒದರತಾಳ. ಕಲಿಸಾಕೋ, ನನ್ನ ಮ್ಯಾಲಿನ ಸಿಟ್ಟಿಗೋ? ಅದನ್ನೂ ನಿಮ್ಮ ಹಾಳ್ಯಾಗ ಒಂದು ಪ್ರಶ್ನಿ ಮಾಡ್ರಿ!”