ಮೇನ್ ಸ್ವಿಚ್ಚಿಗೆ ಜಡಿದ ಕೆಂಪು ಬೀಗ

ಟ್ಯೂಬ್ ಲೈಟಿನ ಚೋಕ್ ಬದಲಿಸುವುದರಲ್ಲಿ ನನ್ನನ್ನು ಮೀರಿಸುವವರು ಹೊಸಪೇಟೆಯಿಂದ ಕಂಪ್ಲಿಯವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ! ತೋರಣಗಲ್ಲಿನ ಕಾರ್ಖಾನೆಯಲ್ಲಿ ಹದಿನೆಂಟು ವರ್ಷದಿಂದ ಎಲೆಕ್ಟ್ರಿಷಿಯನ್ ಆಗಿದ್ದೇನೆ. ನಾನು ಬದಲಿಸಿದ ಚೋಕುಗಳನ್ನು ಒಂದೆಡೆ ಸುರಿದರೆ ಜೋಳದರಾಶಿ ಗುಡ್ಡಕ್ಕೆ ಒಬ್ಬ ತಮ್ಮ ಹುಟ್ಟುತ್ತಾನೆ.

ಇಂಥ ನನ್ನ ಮನೆಯಲ್ಲೇ, ಹೆಂಡತಿ ಅನ್ನಪೂರ್ಣಳ ಕರೆಂಟಿನ ಹೊಲಿಗೆ ಮಷೀನಿನ ಮೇಲಿನ ಟ್ಯೂಬ್ ಲೈಟು ಕಣ್ಣು ಹೊಡೆಯತೊಡಗಿತು. ಅದೂ ಅವಳ ಗಿರಾಕಿ ಕೃಷ್ಣಾಬಾಯಿಯವರ ಮಗಳ ನಿಶ್ಚಿತಾರ್ಥದ ಹಿಂದಿನ ದಿನ! ಆ ಹುಡುಗಿಯ ಬ್ಲೌಸನ್ನು ಸಂಜೆ ಆರಕ್ಕೆ ಹೊಲಿದು ಕೊಡಲೇಬೇಕಿತ್ತು.

“ಗಾದಿಲಿಂಗನ್ನ ಕರಸ್ರಿ,” ಎಂದಳು ಅನ್ನಪೂರ್ಣ. ಗಾದಿಲಿಂಗ ನಮ್ಮ ಓಣಿಯ ವೈರ್‌ಮನ್.

“ನಾ ಇರೂವಾಗ ಗಾದಿಲಿಂಗನಾ? ಚೋಕ್ ಹೋಗೈತಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇನು? ಫಾರಿನ್‌ದಾಗ ಮೈ ಕಪ್ಪು ಮಾಡ್ಕೊಳ್ಳಾಕ ಟ್ಯೂಬ್ ಲೈಟಿನ ಪೆಟ್ಟಿಗ್ಯಾಗ ಮಲಗ್ತಾರಂತ. ಅಂಥಾ ಪೆಟ್ಟಿಗಿ ತಂದಿಡು, ಅದಕ್ಕೂ ಚೋಕ್ ಹಾಕಿ ತೋರಸ್ತೀನಿ!”

“ಕಪ್ಪಾಗಾಕ ನಮಗ ಪೆಟ್ಟಿಗಿ ಯಾಕ್ರಿ, ಬಸ್ ಸ್ಟ್ಯಾಂಡಿಗೆ ಹೋಗಿ ಬಂದ್ರ ಸಾಕು. ನನಗ ಸೂಜಿ ಪೋಣಿಸಾಕ ಬೆಳಕು ಬೇಕು.”

ಮನೆಯೇ ಆಗಲಿ, ಕಾರ್ಖಾನೆಯೇ ಆಗಲಿ, ರೂಲ್ಸ್ ಅಂದರೆ ರೂಲ್ಸ್! ನಮ್ಮ ಕಾರ್ಖಾನೆಯಲ್ಲಿ ಕರೆಂಟಿನ ಕೆಲಸಕ್ಕೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಅದಕ್ಕೆ ಕೆಂಪು ಬೀಗ ಜಡಿದು, ನಮ್ಮ ಫೋಟೋ ಇರುವ ಕಾರ್ಡು ತೂಗುಹಾಕಬೇಕು: ‘ಅಪಾಯ! ನಾನು ಕೆಲಸದಲ್ಲಿದ್ದೇನೆ. ಈ ಬೀಗ ತೆಗೆದರೆ ನನ್ನ ಜೀವ ಹೋಗುತ್ತದೆ.’ ಹಾಕಿದವನೇ ಅದನ್ನು ತೆಗೆಯಬೇಕು, ಮಾಲೀಕ ಬಂದರೂ ಮುಟ್ಟುವಂತಿಲ್ಲ. ಇದನ್ನೆಲ್ಲ ಅನ್ನಪೂರ್ಣಳಿಗೆ ಭಾಷಣದಂತೆ ವಿವರಿಸಿ, ಮನೆಯ ಹಳೇ ಕಬ್ಬಿಣದ ಮೇನ್ ಸ್ವಿಚ್ಚಿಗೆ ಕಾರ್ಖಾನೆಯ ನನ್ನ ಬೀಗ ಜಡಿದು, ಕಾರ್ಡನ್ನೂ ತೂಗುಹಾಕಿದೆ. ಅವಳು ಕೈಮುಗಿದಳು. ಭಕ್ತಿಯೋ ಕುಚೋದ್ಯವೋ ತಿಳಿಯಲಿಲ್ಲ.

ಪೇಟೆಗೆ ಹೋಗಿ ಹೊಸ ಚೋಕ್ ತಂದು, ಸ್ಟೂಲು ಹತ್ತಿ, ಕೊನೆಯ ಸ್ಕ್ರೂ ಬಿಗಿಯುವಷ್ಟರಲ್ಲಿ ಓಣಿಯ ತುದಿಯಲ್ಲಿ ಕಂಪನಿ ಬಸ್ಸು ಹಾರ್ನ್ ಹೊಡೆಯಿತು. ಮಧ್ಯಾಹ್ನದ ಶಿಫ್ಟು! ಊಟದ ಡಬ್ಬಿ ಹಿಡಿದು ಓಡಿದೆ.

ಫ್ಯಾಕ್ಟರಿ ಗೇಟು ಮುಟ್ಟಿದಾಗ ಫೋನು ಬಂತು.

“ರೀ, ಕರೆಂಟಿಲ್ಲ. ಮಷೀನ್ ನಿಂತೈತಿ.”

“ಲೈನ್ ಹೋಗಿರಬೇಕು, ಬರ್ತೈತಿ ತಗೋ.”

“ಎದುರುಮನಿ ಚೆನ್ನಬಸಮ್ಮನ ಮಿಕ್ಸಿ ಗುರ್ರ್ ಅನ್ನಾಕತ್ತೈತಿ! ಬೀಗದ ಕೈ ಎಲ್ಲಿಟ್ಟೀರಿ?”

ಗೇಟ್ ಪಾಸಿಗಾಗಿ ಜೇಬಿಗೆ ಹಾಕಿದ ಕೈಗೆ ಮೊದಲು ಸಿಕ್ಕಿದ್ದೇ ಅದು! ಮೇ ತಿಂಗಳ ಬಿಸಿಲಲ್ಲೂ ನನಗೆ ಚಳಿ ಹುಟ್ಟಿತು.

“ಗಾದಿಲಿಂಗನ್ನ ಕರದು ಬೀಗ ಒಡಸಿಬಿಡು!”

“ಸುತ್ತಿಗಿ ಹಿಡ್ಕೊಂಡು ಬಂದು ನಿಂತಾನ್ರಿ. ನಾನ ಬ್ಯಾಡ ಅಂದೀನಿ.”

“ಯಾಕ?”

“ತೆಗೆದ್ರ ನಿಮ್ಮ ಜೀವ ಹೋಗ್ತೈತಿ ಅಂತ ಬರದೈತಲ್ರಿ. ಮ್ಯಾಲೆ ನಿಮ್ಮ ಫೋಟೋ ಬ್ಯಾರೆ. ಏನೂ ಆಗಂಗಿಲ್ಲ ಅಂತ ಗೊತ್ತೈತಿ, ಆದ್ರೂ ಹೆಂಗ ಒಡಸ್ಲಿ?”

ಹದಿನೆಂಟು ವರ್ಷದಲ್ಲಿ ಆ ಕಾರ್ಡನ್ನು ಇಷ್ಟು ಮನಸ್ಸಿಟ್ಟು ಓದಿದವರು ಇನ್ನೊಬ್ಬರಿಲ್ಲ. ಶಿಫ್ಟ್ ಇನ್‌ಚಾರ್ಜ್ ಪ್ರಭಂಜನ ಸಾಹೇಬರ ಮುಂದೆ ನಿಂತು, “ಸರ್, ನನ್ನ ಜೀವ ಮನ್ಯಾಗ ಮೇನ್ ಸ್ವಿಚ್ಚಿಗೆ ಜೋತು ಬಿದ್ದೈತ್ರಿ,” ಎಂದೆ. ಸಂಗತಿ ಕೇಳಿದ ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡು ರಜೆ ಕೊಟ್ಟರು.

ಸಿಕ್ಕ ಬಸ್ಸಿನಲ್ಲಿ ನಿಂತುಕೊಂಡೇ ಬಂದು ನಾಲ್ಕಕ್ಕೆ ಮನೆ ಮುಟ್ಟಿದೆ. ಅನ್ನಪೂರ್ಣ ಬೆವರಲ್ಲಿ ತೊಯ್ದು, ಬಾಗಿಲ ಬೆಳಕಿಗೆ ಕೂತು ಹುಕ್ಕು ಹಚ್ಚುತ್ತಿದ್ದಳು. ಅರ್ಧ ಓಣಿಯೇ ನೋಡುತ್ತಿರುವಾಗ ಬೀಗ ತೆಗೆದೆ. ಮಷೀನು ಗರಗರ ತಿರುಗಿತು. ಎದೆಯುಬ್ಬಿಸಿ ಟ್ಯೂಬ್ ಲೈಟಿನ ಸ್ವಿಚ್ ಹಾಕಿದೆ. ಪಕ್... ಪಕ್... ಮತ್ತೆ ಕಣ್ಣು ಹೊಡೆಯಿತು!

ಗಾದಿಲಿಂಗ ಸ್ಟೂಲು ಹತ್ತಿ, ಹಳೇ ಸ್ಟಾರ್ಟರ್ ತಿರುವಿ ತೆಗೆದು, ಜೇಬಿನಲ್ಲಿದ್ದ ಹೊಸದೊಂದನ್ನು ಸಿಕ್ಕಿಸಿದ. ಕೋಣೆಯೆಲ್ಲ ಬೆಳಕು! “ಚೋಕ್ ಮಸ್ತ್ ಐತ್ರಿ ಅಣ್ಣಾ,” ಎಂದ. “ಹಳೇದೂ ಮಸ್ತ್ ಇತ್ತು ಕಾಣ್ತೈತ್ರಿ.”

ಬ್ಲೌಸು ಆರಕ್ಕೆ ಸರಿಯಾಗಿ ಕೃಷ್ಣಾಬಾಯಿಯವರ ಕೈ ಸೇರಿತು.

ಮರುದಿನ ಸ್ಕ್ರೂಡ್ರೈವರ್ ಬೇಕಾಗಿ ನೋಡಿದರೆ ನನ್ನ ಟೂಲ್ ಬಾಕ್ಸಿಗೆ ಅದೇ ಕೆಂಪು ಬೀಗ! ಅದೇ ಕಾರ್ಡು! ಕಾರ್ಡಿನಲ್ಲಿದ್ದ ನನ್ನ ಮುಖದ ಮೇಲೆ ಮಾತ್ರ ಅನ್ನಪೂರ್ಣಳ ಪಾಸ್‌ಪೋರ್ಟ್ ಸೈಜಿನ ಫೋಟೋ ಅಂಟಿತ್ತು. ‘ಈ ಬೀಗ ತೆಗೆದರೆ ನನ್ನ ಜೀವ ಹೋಗುತ್ತದೆ.’

“ಲೇ, ಬೀಗದ ಕೈ ಕೊಡು!” ಎಂದೆ.

ಅವಳು ಮಷೀನಿನಿಂದ ತಲೆ ಎತ್ತಲಿಲ್ಲ. “ಹಾಕಿದವರೇ ತೆಗೀಬೇಕಂತ್ರಿ. ಮಾಲೀಕ ಬಂದ್ರೂ ಮುಟ್ಟಂಗಿಲ್ಲಂತ.”