ಕ್ವಿಜ್ ಕಣದಲ್ಲಿ ನನ್ನ ಬಲಗಾಲು

"ವಾಷಿಂಗ್ ಮಷೀನನ್ನ ನಾನು ಟೀವಿಯಿಂದಲೇ ಇಳಿಸ್ಕೊಂಡು ಬರ್ತೀನಿ!" ಎಂದು ಊಟದ ಮೇಜು ಗುದ್ದಿ ಘೋಷಿಸಿದೆ. ಗುದ್ದಿದ ರಭಸಕ್ಕೆ ಸಾರಿನ ಬಟ್ಟಲು ಉರುಳಿ ಅಮ್ಮನ ಮಡಿಲಿಗೆ ಬಿತ್ತು. ಅಲ್ಲಿಗೆ ಒಗೆಯಬೇಕಾದ ಬಟ್ಟೆ ಒಂದು ಹೆಚ್ಚಾಯಿತು.

ನಮ್ಮ ಹಳೆಯ ಮಷೀನು ಗಡಗಡ ನಡುಗಿ, ಇದ್ದಲ್ಲಿಂದ ತಾನೇ ನಡೆದು ಹೋಗಿ, ಬಚ್ಚಲಿನ ಬಾಗಿಲಿಗೆ ತಲೆಯಿಟ್ಟು ಪ್ರಾಣ ಬಿಟ್ಟಿತ್ತು. ರಿಪೇರಿಯವರು ಅದರ ಹೊಟ್ಟೆ ಬಿಚ್ಚಿ ನೋಡಿ, "ಸರ್, ಇದರ ಮೇಲೆ ಹೂಕುಂಡ ಇಟ್ರೆ ಚೆನ್ನಾಗಿರುತ್ತೆ" ಎಂದು ಹೇಳಿ ಹೋದರು. ನನ್ನ ಹೆಂಡತಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ದಿನವೆಲ್ಲ ಡ್ರಾಯರ್ ಎಳೆದು ಮುಚ್ಚಿ ಬಂದ ಕೈಯಲ್ಲೇ ಹೊದಿಕೆ, ಪರದೆ, ಪ್ಯಾಂಟು ಹಿಂಡಿ ಹಿಂಡಿ ಅವಳ ಮಣಿಕಟ್ಟು ಊದಿಕೊಂಡಿತ್ತು. ಬ್ಯಾಂಡೇಜು ಸುತ್ತಿದ ಆ ಕೈಯಿಂದ ಅವಳು ಅನ್ನ ಬಡಿಸುವಾಗ ನನಗೆ ತುತ್ತು ಇಳಿಯುತ್ತಿರಲಿಲ್ಲ. ಎರಡನೆಯ ಸಲ ಬಡಿಸಿಕೊಂಡದ್ದು ಬೇರೆ ಮಾತು.

ಆ ಸಮಯಕ್ಕೆ ಸರಿಯಾಗಿ ಬಂತು ನೋಡಿ, ಗಂಡ ಹೆಂಡಿರ ಕ್ವಿಜ್ ಕಾರ್ಯಕ್ರಮ. ಕೊನೆಯ ಪ್ರಶ್ನೆಗೆ ಸರಿಯುತ್ತರ ಕೊಟ್ಟ ಜೋಡಿಗೆ ವಾಷಿಂಗ್ ಮಷೀನು! ನಿಯಮ ಬಹಳ ಸುಲಭ. ಜೋಡಿಯಲ್ಲಿ ಒಬ್ಬರು ಮುಂದೆ ಕುಳಿತು ಉತ್ತರ ಹೇಳಬೇಕು. ಇನ್ನೊಬ್ಬರು ಪಕ್ಕದಲ್ಲಿ ಕೂರಬೇಕು, ಅವರ ಕಾಲ ಕೆಳಗೆ ಒಂದು ಪೆಡಲ್. ಮುಂದಿನವರು ದಾರಿ ತಪ್ಪುತ್ತಿದ್ದಾರೆ ಅನ್ನಿಸಿದರೆ ಪೆಡಲ್ ಒತ್ತಬಹುದು. ಒತ್ತಿದರೆ ಕೆಂಪು ದೀಪ ಹತ್ತುತ್ತದೆ, ಅವರ ಬಾಯಿ ಬಂದ್. ಆಮೇಲೆ ಒತ್ತಿದವರೇ ಉತ್ತರ ಹೇಳಬೇಕು.

ಕೇಳಿದೊಡನೆ ಎದೆ ಉಬ್ಬಿತು. ಏಕೆಂದರೆ ನಾನು ಕಾರು ಕಲಿಸುವ ಮೇಷ್ಟ್ರು! ನಮ್ಮ ಶಾಲೆಯ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂರುವ ನನಗೂ ಒಂದು ಬ್ರೇಕ್ ಇದೆ. ಶಿಷ್ಯರು ಗೋಡೆಯನ್ನು ಗುರಿಯಾಗಿಟ್ಟು ಹೊರಟಾಗ ಅದನ್ನು ಒತ್ತಿಯೇ ನಾನು ಇಂದಿಗೂ ನಿಮ್ಮೊಡನೆ ಮಾತಾಡುವ ಸ್ಥಿತಿಯಲ್ಲಿರುವುದು. ಪೆಡಲ್ ವಿದ್ಯೆಯಲ್ಲಿ ನನ್ನನ್ನು ಮೀರಿಸುವ ಗಂಡ ಭೂಮಂಡಲದಲ್ಲಿ ಉಂಟೇ?

"ನೀನು ಮುಂದೆ ಕೂತ್ಕೋ, ನಾನು ಪಕ್ಕದಲ್ಲಿರ್ತೀನಿ" ಎಂದೆ.

"ರೀ, ನಾನು ಯೋಚನೆ ಮಾಡೋವಾಗ ಬಾಯಿಬಿಟ್ಟೇ ಯೋಚನೆ ಮಾಡ್ತೀನಿ. ತಪ್ಪಿರೋದನ್ನೆಲ್ಲ ಮೊದಲು ಹೇಳಿ ತಳ್ಳಿಹಾಕಿ, ಆಮೇಲೆ ಸರಿಯಾದ್ದಕ್ಕೆ ಬರ್ತೀನಿ. ನಡುವೆ ಕಾಲು ಹಾಕ್ಬೇಡಿ."

"ನನಗೇ ಹೇಳ್ತೀಯಾ? ಇದು ಪಳಗಿದ ಕಾಲು ಕಣೇ!"

ಮನೆಯಲ್ಲಿ ತಾಲೀಮು ಶುರುವಾಯಿತು. ಪೆಡಲ್ ಇಲ್ಲದ್ದಕ್ಕೆ ಅಡುಗೆಮನೆಯಲ್ಲಿದ್ದ, ಕಾಲಿನಿಂದ ತುಳಿದು ತೆರೆಯುವ ಕಸದ ಡಬ್ಬಿಯನ್ನು ಮೇಜಿನಡಿ ಇಟ್ಟುಕೊಂಡೆ. ಅಮ್ಮ ಸಾಮಾನ್ಯ ಜ್ಞಾನದ ಪುಸ್ತಕ ಹಿಡಿದು ನಿರೂಪಕಿಯಾದಳು. ಹೆಂಡತಿ "ಅದಾ... ಅಲ್ಲ... ಇರಿ..." ಎಂದಾಗಲೆಲ್ಲ ನನ್ನ ಕಾಲು ತುಳಿಯಿತು, ಮುಚ್ಚಳ ಎದ್ದಿತು, ನಿನ್ನೆಯ ಈರುಳ್ಳಿ ಸಿಪ್ಪೆಯ ಸುವಾಸನೆ ಸಭೆಯನ್ನೆಲ್ಲ ವ್ಯಾಪಿಸಿತು.

"ಲೋ, ಅವಳು ಉತ್ತರ ಹೇಳೋಕೆ ಬಿಡೋ! ನನಗೆ ವಾಕರಿಕೆ ಬರ್ತಿದೆ" ಎಂದಳು ಅಮ್ಮ.

"ಅತ್ತೆ, ಬಿಡಿ. ಇಷ್ಟು ವರ್ಷ ಇವರು ನನ್ನ ಮಾತನ್ನ ಪೂರ್ತಿ ಕೇಳಿದ್ದು ನಾನು ನಿದ್ದೆಯಲ್ಲಿ ಮಾತಾಡಿದಾಗ ಮಾತ್ರ" ಎಂದಳು ಹೆಂಡತಿ.

ಅಂತೂ ಕಾಲಿಗೆ ಬುದ್ಧಿ ಹೇಳಿದೆ. ಕೊನೆಕೊನೆಗೆ ಮುಚ್ಚಳ ಏಳದೆ ಪುಸ್ತಕವೇ ಮುಗಿಯಿತು.

ಟೀವಿಯವರ ಸ್ಟುಡಿಯೋ ಅಂದರೆ ಕಣ್ಣು ಕುಕ್ಕುವ ದೀಪಗಳ ಕಾಡು. ನನ್ನ ಬೋಳುತಲೆಗೆ ಪೌಡರ್ ಹಚ್ಚಿದ ಹುಡುಗಿ, ಹೊಳಪು ಹೋಗಲಿಲ್ಲವೆಂದು ಇನ್ನೂ ಒಂದು ಸಲ ಹಚ್ಚಿದಳು. ಹೆಂಡತಿ ಬ್ಯಾಂಡೇಜನ್ನು ಸೆರಗಿನಡಿ ಮುಚ್ಚಿಕೊಂಡು ಮುಂದೆ ಕುಳಿತಳು. ಅಮ್ಮ ಪ್ರೇಕ್ಷಕರ ಮೊದಲ ಸಾಲಿನಿಂದ ನನ್ನ ಕಾಲನ್ನೇ ದುರುಗುಟ್ಟಿ ನೋಡುತ್ತಿದ್ದಳು.

ಏನು ಹೇಳಲಿ, ನನ್ನವಳು ಬೆಳಗಿದಳು! ಸಮುದ್ರ, ಸಂವಿಧಾನ, ಸಸ್ತನಿ, ಯಾವುದನ್ನೂ ಬಿಡಲಿಲ್ಲ. ತಪ್ಪುಗಳನ್ನು ಒಂದೊಂದಾಗಿ ಹೆಸರಿಸಿ ಪಕ್ಕಕ್ಕೆ ಸರಿಸುತ್ತ ಉತ್ತರದ ಕತ್ತಿನಪಟ್ಟಿಗೇ ಕೈ ಹಾಕುತ್ತಿದ್ದಳು. ಎದುರಿನ ಜೋಡಿಗಳು ಸೋತು ಕೆಳಗಿಳಿದರು. ನನ್ನ ಕಾಲು ತಪಸ್ಸಿಗೆ ಕುಳಿತ ಋಷಿಯಂತೆ ಅಲುಗಲಿಲ್ಲ.

ಕೊನೆಯ ಪ್ರಶ್ನೆ. ಪರದೆ ಸರಿಯಿತು. ಬೆಳ್ಳಗೆ, ದುಂಡಗಿನ ಗಾಜಿನ ಬಾಗಿಲಿನ ಮಷೀನು ನಗುತ್ತ ನಿಂತಿತ್ತು. ಹೆಂಡತಿ ಅದನ್ನು ನೋಡಿದ ರೀತಿಯಲ್ಲಿ ಮದುವೆಯ ದಿನವೂ ನನ್ನನ್ನು ನೋಡಿರಲಿಲ್ಲ.

ನಿರೂಪಕ ಕೇಳಿದ: "ಸೂರ್ಯನ ಸುತ್ತ ಸುತ್ತುವ ಗ್ರಹಗಳಲ್ಲಿ ಎಲ್ಲಕ್ಕಿಂತ ಬಿಸಿಯಾದದ್ದು ಯಾವುದು?"

"ಬುಧ ಅಂತ ಎಲ್ಲರಿಗೂ ಅನ್ಸುತ್ತೆ, ಸೂರ್ಯನಿಗೆ ಹತ್ತಿರ ಅಲ್ವಾ" ಎಂದು ಶುರುಮಾಡಿದಳು. ಕಾಲು ತುಸು ಮಿಡುಕಿತು. ತಡೆದೆ. "ಆದ್ರೆ ಅದಕ್ಕೆ ಮೈಮೇಲೆ ಹೊದಿಕೆ ಇಲ್ಲ. ಬಂದ ಬಿಸಿ ಎಲ್ಲ ವಾಪಸ್ ಹೋಗ್ಬಿಡುತ್ತೆ. ದಪ್ಪ ಮೋಡದ ಹೊದಿಕೆ ಇರೋದು ಅಂದ್ರೆ... ಅಂದ್ರೆ..."

ಥಟ್ಟನೆ ಹೊಳೆಯಿತು ಅವಳಿಗೆ. ಕಣ್ಣುಗಳು ಅಗಲವಾದವು, ಬಾಯಿ ತೆರೆಯಿತು, ಎರಡೂ ಕೈ ಸಂತೋಷದಿಂದ ಮೇಲೆದ್ದವು.

ಅಯ್ಯೋ! ಕಣ್ಣರಳಿಸಿ, ಬಾಯಿ ತೆರೆದು, ಎರಡೂ ಕೈ ಎತ್ತುವುದೆಂದರೆ ನನ್ನ ವೃತ್ತಿಯಲ್ಲಿ ಒಂದೇ ಅರ್ಥ. ಶಿಷ್ಯರು ಸ್ಟೇರಿಂಗ್ ಬಿಟ್ಟರು! ನನ್ನ ಮೆದುಳಿಗೆ ಸುದ್ದಿ ಮುಟ್ಟುವ ಮೊದಲೇ ಬಲಗಾಲು ದೇಹದ ಸಕಲ ಭಾರವನ್ನೂ ಹೊತ್ತು ಪೆಡಲ್ ಮೇಲೆ ಧೊಪ್ಪೆಂದು ಇಳಿಯಿತು.

"ಶು—" ಎಂಬಲ್ಲಿಗೆ ಅವಳ ಬಾಯಿ ಬಂದ್. ಕೆಂಪು ದೀಪ! ಸೈರನ್! ಮೊದಲ ಸಾಲಿನಲ್ಲಿ ಅಮ್ಮ ಹಣೆ ಚಚ್ಚಿಕೊಂಡ ಸದ್ದು!

"ಓಹೋ, ಯಜಮಾನರು ಪೆಡಲ್ ಒತ್ತಿದ್ದಾರೆ! ನಿಮ್ಮ ಉತ್ತರ?"

ನನ್ನ ಉತ್ತರವೇ? ನನ್ನ ಬಳಿ ಕಾಲಿತ್ತೇ ಹೊರತು ಉತ್ತರವಿರಲಿಲ್ಲ. ಹೆಂಡತಿಯ ಕಡೆ ನೋಡಿದೆ. ಅವಳು ತುಟಿ ಬಿಗಿದು ಕಣ್ಣಲ್ಲೇ ಏನೋ ಹೇಳುತ್ತಿದ್ದಳು. ಆದರೆ ಆ ನೋಟದಲ್ಲಿ ನನಗೆ ಗ್ರಹವಲ್ಲ, ಗ್ರಹಚಾರವೇ ಕಂಡಿತು. ನಾಲಿಗೆ ತೊದಲಿ, "ಶನಿ" ಎಂದುಬಿಟ್ಟೆ.

"ಸರ್, ಶನಿ ಹೆಪ್ಪುಗಟ್ಟೋ ಅಷ್ಟು ತಣ್ಣಗಿದೆ. ಸರಿಯುತ್ತರ ಶುಕ್ರ." ಪರದೆ ಮುಚ್ಚಿತು. ಮಷೀನು ಒಳಗೆ ಹೋಯಿತು.

ಸೋತವರಿಗೂ ಬಹುಮಾನವಿತ್ತು: ಕಾರ್ಯಕ್ರಮದ ಪ್ರಾಯೋಜಕರು ಕೊಟ್ಟ ದೊಡ್ಡದೊಂದು ಪ್ಲಾಸ್ಟಿಕ್ ಟಬ್ಬು, ಅದರ ತುಂಬ ಸೋಪಿನ ಪುಡಿ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಅಮ್ಮ ಮುಂದಿನ ಸೀಟಿನಿಂದ ತಿರುಗಿಯೂ ನೋಡಲಿಲ್ಲ. ಹೆಂಡತಿ ಕಿಟಕಿಯಾಚೆ ನೋಡುತ್ತಿದ್ದಳು, ಊದಿದ ಕೈಯನ್ನು ಇನ್ನೊಂದು ಕೈಯಿಂದ ಮೆಲ್ಲಗೆ ನೀವಿಕೊಳ್ಳುತ್ತ.

"ಬೇಕಂತ ಒತ್ತಿದ್ದಲ್ಲ ಕಣೇ" ಎಂದೆ. "ನೀನು ಎರಡೂ ಕೈ ಎತ್ತಿಬಿಟ್ಟೆ. ನನಗೆ ಗಾಡಿ ಗೋಡೆಗೆ ಹೋಯ್ತು ಅನ್ನಿಸ್ತು. ನಿನಗೆ ಏನಾದ್ರೂ ಆದ್ರೆ ಅಂತ..."

ಅವಳು ನನ್ನತ್ತ ತಿರುಗಿದಳು. ಆಮೇಲೆ ಭುಜ ಕುಲುಕಿತು. ಅಳುತ್ತಿದ್ದಾಳೆಂದು ಹೆದರಿದೆ. ನೋಡಿದರೆ ನಗು! ಕಣ್ಣಲ್ಲಿ ನೀರು ಬರುವಷ್ಟು ನಗು!

"ಸ್ಟುಡಿಯೋ ಕುರ್ಚಿಗೆ ಚಕ್ರ ಇತ್ತೇನ್ರೀ?"

"ಇರಲಿಲ್ಲ."

"ಹಾಗಾದ್ರೆ ಒಂದು ಕೆಲಸ ಮಾಡಿ. ನನ್ನ ಮೇಲೆ ಅಷ್ಟೊಂದು ಕಾಳಜಿ ಇರೋ ಕಾಲನ್ನ ಸುಮ್ನೆ ಕೂರಿಸ್ಬಾರದು."

ಕಾರ್ಯಕ್ರಮ ಪ್ರಸಾರವಾದ ಭಾನುವಾರ ಪಕ್ಕದ ಮನೆಯವರು ಅಭಿನಂದಿಸಲು ಬಂದರು. ನಡುವೆಯೇ ಅತಿಥಿಗಳು ಬಂದು ಕೊನೆಯ ಪ್ರಶ್ನೆ ನೋಡಲಾಗಲಿಲ್ಲವಂತೆ. ಬಚ್ಚಲಿನಿಂದ ಧಪ್ ಧಪ್ ಸದ್ದು ಕೇಳಿ ಅವರ ಮುಖ ಅರಳಿತು.

"ಗೆದ್ದೇ ಬಿಟ್ರಾ! ಹೊಸ ಮಷೀನು ಹೇಗಿದೆ ಅಕ್ಕಾ?"

ಒಳಗೆ ಟಬ್ಬಿನಲ್ಲಿ ಪ್ಯಾಂಟು ಮಂಡಿಗೆ ಮಡಚಿ ಹೊದಿಕೆಗಳನ್ನು ತುಳಿಯುತ್ತಿದ್ದ ನಾನು ಉಸಿರು ಬಿಗಿಹಿಡಿದೆ.

"ಮಾಡೆಲ್ ಹಳೇದು, ಮಧ್ಯೆ ಮಧ್ಯೆ ಗೊಣಗುತ್ತೆ" ಎಂದಳು ಹೆಂಡತಿ. "ಆದ್ರೆ ತುಳಿಯೋದಕ್ಕೆ ಇದನ್ನ ಬಿಟ್ರೆ ಇನ್ನೊಂದಿಲ್ಲ."